ಕಳ್ಳ ಅಡಗಿರುವುದು ಕ್ರಿಯಾಪದದ ಬಾಲದಲ್ಲಿ

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ಇದುವರೆಗೆ ಎಷ್ಟು ಕನ್ನಡ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದೀರಿ? ಶಾಲೆಯ ಪಠ್ಯಪುಸ್ತಕ ಲೆಕ್ಕಕ್ಕಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಬೆರಳಿಟ್ಟು ಓದಿಸಿದ್ದೂ ಲೆಕ್ಕಕ್ಕಿಲ್ಲ. "ಮುಂದೇನಾಯ್ತು?" ಅನ್ನೋ ಆಸೆಗೆ, ಯಾರೂ ಹೇಳದೆ, ನೀವಾಗಿಯೇ ಓದಿದ್ದು ಎಷ್ಟು?

ಸೊನ್ನೆ ಅಂದರೆ ಬೇಜಾರಿಲ್ಲ. ನಮ್ಮ ಶಾಲೆಯಲ್ಲಿ ದೊಡ್ಡ ತರಗತಿಗೆ ಪಾಠ ಮಾಡುವಾಗ ಇದೇ ಪ್ರಶ್ನೆ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಅದೇ ಮಕ್ಕಳು ಇಲ್ಲಿನ ಪಬ್ಲಿಕ್ ಲೈಬ್ರರಿಯಿಂದ 'ಪರ್ಸಿ ಜಾಕ್ಸನ್' ತಂದು ಮೂರೇ ದಿನಕ್ಕೆ ಮುಗಿಸುತ್ತಾರೆ, ಅದಕ್ಕಿಂತ ಚಿಕ್ಕವರು 'ಡಾಗ್ ಮ್ಯಾನ್'ನ ಒಂದೊಂದು ಭಾಗವನ್ನೂ ನಾಲ್ಕು ನಾಲ್ಕು ಸಲ ಓದುತ್ತಾರೆ. ಓದುವ ಆಸೆ ಬೇಕಾದಷ್ಟಿದೆ. ಕನ್ನಡ ಅಕ್ಷರವೂ ಬರುತ್ತದೆ. ಎರಡೂ ಒಂದನ್ನೊಂದು ಭೇಟಿ ಮಾಡಿಲ್ಲ, ಅಷ್ಟೆ.

ಪೋಷಕರೇ, ಈಗ ನಿಮಗೆ. ನಾವು ಇಲ್ಲಿ ವಾರಕ್ಕೆ ಎರಡು ಗಂಟೆ ಕಲಿಸುತ್ತೇವೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ, ಆಮೇಲೆ ಸಣ್ಣ ಪಾಠ. ನಾಲ್ಕೈದು ವರ್ಷ ಹೀಗೆ ಕಳೆದ ಮೇಲೆ ಮಗುವಿಗೆ ಹೈಸ್ಕೂಲು, ಈಜು, ಆರ್ಕೆಸ್ಟ್ರಾ ಎಲ್ಲ ಬಂದು ಕನ್ನಡ ಶಾಲೆ ನಿಂತುಹೋಗುತ್ತದೆ. ನಿಂತ ಎರಡು ವರ್ಷಕ್ಕೆ ಅದೇ ಮಗುವಿಗೆ ಊರಿನ ಬಸ್ಸಿನ ಬೋರ್ಡು ಓದಿಸಿ ನೋಡಿ. 'ಮೈಸೂರು' ಓದುತ್ತದೆ, 'ಚಿತ್ರದುರ್ಗ'ಕ್ಕೆ ತಡವರಿಸುತ್ತದೆ. ಒತ್ತಕ್ಷರ ಮೊದಲು ಮರೆತುಹೋಗುತ್ತೆ. ಬಳಸದ ಅಕ್ಷರ ಉಳಿಯುವುದಿಲ್ಲ. ಉಳಿಯಬೇಕಾದರೆ ಶಾಲೆ ಬಿಟ್ಟ ಮೇಲೂ ಮಗು ಕನ್ನಡ ಓದುವಂತಾಗಬೇಕು. ಅದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಗಾಳ ಒಂದೇ: ಕಥೆಯಲ್ಲೊಂದು ಕಳ್ಳತನ, ಒಂದು ಗುಟ್ಟು, ಒಂದು ಕಾಡು, ಇಲ್ಲವೇ ಒಂದು ದೆವ್ವ.

"ಪತ್ತೇದಾರಿ ಓದಿ ಏನು ಬಂತು? ಒಳ್ಳೆ ಸಾಹಿತ್ಯ ಓದಿಸೋಣ" ಎನ್ನುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಹಿಂದಿಯಲ್ಲಿ ದೇವಕೀನಂದನ ಖತ್ರಿ ಅವರ 'ಚಂದ್ರಕಾಂತಾ' 1888ರಲ್ಲಿ ಬಂತು. ರಾಜಕುಮಾರಿ, ಮಾಯಾಕೋಟೆ, ವೇಷ ಬದಲಿಸುವ ಐಯಾರರು, ಹೆಜ್ಜೆಗೊಂದು ಗುಪ್ತದ್ವಾರ. ಆ ಕಾಲದಲ್ಲಿ ಉತ್ತರ ಭಾರತದ ಎಷ್ಟೋ ಜನ ಉರ್ದು ಲಿಪಿ ಮಾತ್ರ ಬಲ್ಲವರು. ಈ ಕಾದಂಬರಿ ಓದಲೆಂದೇ ಅವರು ದೇವನಾಗರಿ ಲಿಪಿ ಕಲಿತರು ಎಂದು ಹಿಂದಿ ಸಾಹಿತ್ಯದ ಚರಿತ್ರೆಯಲ್ಲಿ ಇವತ್ತಿಗೂ ಹೇಳುತ್ತಾರೆ. (ನನ್ನ ವಯಸ್ಸಿನ ಪೋಷಕರಿಗೆ 1994ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ ನೆನಪಿರುತ್ತೆ. ಕ್ರೂರ್ ಸಿಂಗನ ಹುಬ್ಬು ಮರೆಯಲು ಸಾಧ್ಯವೇ?) ವ್ಯಾಕರಣ ಪುಸ್ತಕ ಓದುವ ಆಸೆಯಿಂದ ಲಿಪಿ ಕಲಿತವರ ಬಗ್ಗೆ ಇಂಥ ಕಥೆ ನಾನಂತೂ ಕೇಳಿಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಅವರು ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ! ಅವರ ಪತ್ತೇದಾರ ಪುರುಷೋತ್ತಮನ ಹೆಸರನ್ನು ನಿಮ್ಮ ಅಜ್ಜ ಅಜ್ಜಿಯ ಮುಂದೆ ಒಮ್ಮೆ ಹೇಳಿ ನೋಡಿ, ಮುಖ ಅರಳದಿದ್ದರೆ ಕೇಳಿ. ಕಿರಾಣಿ ಅಂಗಡಿಯವರು, ಬಸ್ಸಿಗೆ ಕಾಯುವವರು, ಅಡುಗೆ ಮುಗಿಸಿ ಕೂತ ಹೆಂಗಸರು ಎಲ್ಲ ಓದುತ್ತಿದ್ದರು. ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಅಂಥ ಪುಸ್ತಕಗಳನ್ನು ದಿನಬಾಡಿಗೆಗೆ ಕೊಡುತ್ತಿದ್ದರು. ಕೈಯಿಂದ ಕೈಗೆ ಹೋಗಿ ಹೋಗಿ ಕೊನೆಯ ಪುಟವೇ ಕಿತ್ತುಹೋಗಿರುತ್ತಿತ್ತು. ಕೊಲೆಗಾರ ಯಾರು ಅಂತ ತಿಳಿಯಲು ಪಕ್ಕದ ಬೀದಿಯಲ್ಲಿ ಅದನ್ನು ಓದಿದವರು ಯಾರಿದ್ದಾರೆ ಎಂದು ನಾವೇ ಪತ್ತೇದಾರಿಕೆ ಮಾಡಬೇಕಾಗುತ್ತಿತ್ತು. ನರಸಿಂಹಯ್ಯನವರ ನಂತರ ಟಿ.ಕೆ. ರಾಮರಾವ್ ಬಂದರು. 'ಬಂಗಾರದ ಮನುಷ್ಯ' ಸಿನಿಮಾ ಅವರ ಕಾದಂಬರಿಯಿಂದ ಬಂದದ್ದು ಅಂತ ಎಲ್ಲರಿಗೂ ಗೊತ್ತು, ಅವರು ಸೊಗಸಾದ ಪತ್ತೇದಾರಿ ಕಥೆಗಳನ್ನೂ ಬರೆದಿದ್ದಾರೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಸರಿ, ಚರಿತ್ರೆ ಸಾಕು. ಈಗ ಪಾಠ.

ಪತ್ತೇದಾರಿ ಕಥೆಗೂ ಕನ್ನಡ ವ್ಯಾಕರಣಕ್ಕೂ ಒಂದು ಗುಟ್ಟಿನ ನಂಟಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಆ ಕ್ರಿಯಾಪದದ ಬಾಲದಲ್ಲಿ ಬೇಕಾದಷ್ಟು ಸುದ್ದಿ ತುಂಬಿರುತ್ತದೆ. ಈ ನಾಲ್ಕು ವಾಕ್ಯ ನೋಡಿ:

ಅವನು ಕಿಟಕಿಯಿಂದ ಬಂದ.
ಅವನು ಕಿಟಕಿಯಿಂದ ಬಂದನಂತೆ.
ಅವನು ಕಿಟಕಿಯಿಂದ ಬಂದಿರಬೇಕು.
ಅವನು ಕಿಟಕಿಯಿಂದ ಬಂದಿರಬಹುದು.

ಮೊದಲನೆಯದನ್ನು ಹೇಳುವವನಿಗೆ ವಿಷಯ ಖಚಿತ, ಅವನು ಕಣ್ಣಾರೆ ಕಂಡಿದ್ದಾನೆ. ಎರಡನೆಯವನಿಗೆ ಬೇರೆ ಯಾರೋ ಹೇಳಿದ್ದಾರೆ, ತಾನು ನೋಡಿಲ್ಲ. ಮೂರನೆಯವನು ಕಿಟಕಿಯ ಕೆಳಗೆ ಕೆಸರಿನ ಹೆಜ್ಜೆ ನೋಡಿ ಲೆಕ್ಕ ಹಾಕಿದ್ದಾನೆ. ನಾಲ್ಕನೆಯವನದು ಬರೀ ಊಹೆ, ಬಾಗಿಲಿಂದ ಬಂದಿದ್ದರೂ ಬಂದಿರಬಹುದು. ನಾಲ್ಕರಲ್ಲೂ ಅದೇ 'ಅವನು', ಅದೇ 'ಕಿಟಕಿ'. ಬದಲಾದದ್ದು ಬಾಲ ಮಾತ್ರ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಲು ವಾಕ್ಯದೊಳಗೆ ಬೇರೆ ಬೇರೆ ಪದ ತುರುಕಬೇಕು. ಕನ್ನಡದಲ್ಲಿ 'ಅಂತೆ' ಅನ್ನುವ ಎರಡೇ ಅಕ್ಷರ ಸಾಕು. ಅಜ್ಜಿ ಫೋನಿನಲ್ಲಿ "ಪಕ್ಕದ ಮನೆಯವರು ಕಾರು ತಗೊಂಡ್ರಂತೆ" ಅಂದರೆ ಕಾರನ್ನು ಅಜ್ಜಿ ಇನ್ನೂ ನೋಡಿಲ್ಲ ಎಂದರ್ಥ.

ನನ್ನ ಕೆಲಸ ಸಾಫ್ಟ್‌ವೇರ್. ಪ್ರೋಗ್ರಾಮ್ ಕೆಟ್ಟಾಗ ಲಾಗ್ ಫೈಲ್ ಹಿಡಿದು ಬಗ್ ಹುಡುಕುವುದೂ ಪತ್ತೇದಾರಿಕೆಯೇ. ಅಲ್ಲಿ ಜಗಳವೆಲ್ಲ ಹುಟ್ಟುವುದು 'ಇದೆ'ಗೂ 'ಇರಬೇಕು'ಗೂ ವ್ಯತ್ಯಾಸ ಮಾಡದೆ ಮಾತಾಡುವವರಿಂದ. ಕನ್ನಡ ಬಲ್ಲವರು ಈ ವ್ಯತ್ಯಾಸವನ್ನು ತೊಟ್ಟಿಲಲ್ಲೇ ಕಲಿತಿರುತ್ತಾರೆ ಅನ್ನುವುದು ನನ್ನ ಹೆಮ್ಮೆ. (ಆಫೀಸಿನಲ್ಲಿ ಇದನ್ನು ಯಾರೂ ಒಪ್ಪಿಲ್ಲ.)

ಇನ್ನೂ ಒಂದು ಚಮತ್ಕಾರ ಇದೆ. 'ಬಂದನು' ಅಂದರೆ ಬಂದಾಯಿತು, ಮುಗಿಯಿತು. ಒಂದು ದೀರ್ಘ ಸೇರಿಸಿ 'ಬಂದಾನು' ಅನ್ನಿ. ಈಗ ಅವನು ಬಂದೇ ಇಲ್ಲ, ಬಂದರೂ ಬರಬಹುದು! "ದೀಪ ಆರಿಸಿ, ಕಳ್ಳ ಇದೇ ದಾರಿಯಲ್ಲಿ ಬಂದಾನು" ಅಂತ ಪತ್ತೇದಾರ ಪಿಸುಗುಟ್ಟಿದರೆ ಎದೆ ಡವಗುಟ್ಟುವುದು ಆ ಒಂದು ದೀರ್ಘದಿಂದ. ಕಾಗುಣಿತದ ಪಾಠದಲ್ಲಿ "ದೀರ್ಘ ಮರೀಬೇಡಿ" ಅಂತ ಟೀಚರ್ ಯಾಕೆ ಬಡಕೊಳ್ಳುತ್ತಾರೆ ಅಂತ ಈಗ ಗೊತ್ತಾಯಿತಾ?

ಕನ್ನಡದಲ್ಲಿ ಪತ್ತೇದಾರಿ ಬರೆಯುವವರಿಗೆ ಒಂದು ಪೇಚಾಟವೂ ಇದೆ. ಕತ್ತಲಲ್ಲಿ ಯಾರೋ ಬಂದು ಪೆಟ್ಟಿಗೆ ಎತ್ತಿಕೊಂಡು ಹೋಗಬೇಕು, ಓದುಗರಿಗೆ ಅದು ಗಂಡೋ ಹೆಣ್ಣೋ ಗೊತ್ತಾಗಬಾರದು. 'ಬಂದ' ಅಂದರೆ ಗಂಡು, 'ಬಂದಳು' ಅಂದರೆ ಹೆಣ್ಣು, ಗುಟ್ಟು ಅಲ್ಲೇ ರಟ್ಟು. ಹಾಗಾಗಿ ಲೇಖಕರು ಎರಡು ಉಪಾಯ ಮಾಡುತ್ತಾರೆ. ಒಂದು, 'ಯಾರೋ ಬಂದರು' ಅಂತ ಬಹುವಚನ. ಇನ್ನೊಂದು, ಮನುಷ್ಯರನ್ನೇ ವಸ್ತುವಾಗಿ ಮಾಡಿಬಿಡುವುದು: 'ಆಕೃತಿಯೊಂದು ಗೋಡೆ ಹಾರಿತು', 'ನೆರಳೊಂದು ಸರಿದುಹೋಯಿತು', 'ಕೈಯೊಂದು ಚಿಲಕದತ್ತ ಚಾಚಿತು'. ಹಳೆಯ ಕಾದಂಬರಿಗಳಲ್ಲಿ ಆಕೃತಿಗಳೂ ನೆರಳುಗಳೂ ಅಷ್ಟೊಂದು ಓಡಾಡುವುದಕ್ಕೆ ನಮ್ಮ ವ್ಯಾಕರಣವೂ ಒಂದು ಕಾರಣ ಎಂದು ನನ್ನ ಅನುಮಾನ. ಆದರೆ 'ನಾನು ಬಂದೆ' ಎಂಬಲ್ಲಿ ಗಂಡು ಹೆಣ್ಣಿನ ಸುಳಿವಿಲ್ಲ. ಹಿಂದಿಯಲ್ಲಾದರೆ ಅಲ್ಲೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಕನ್ನಡದಲ್ಲಿ ಕಳ್ಳನೇ 'ನಾನು' ಅಂತ ಕಥೆ ಹೇಳಿದರೆ ಕೊನೆಯವರೆಗೂ ಅಡಗಿರಬಹುದು.

'ನೀವು' ಮತ್ತು 'ನೀನು' ಕೂಡ ಸುಳಿವೇ. ಇನ್‌ಸ್ಪೆಕ್ಟರ್ ಮೊದಲ ಅಧ್ಯಾಯದಲ್ಲಿ "ನೀವು ಆ ರಾತ್ರಿ ಎಲ್ಲಿದ್ದಿರಿ?" ಅಂತ ಮರ್ಯಾದೆಯಿಂದ ಕೇಳಿ, ಹತ್ತನೇ ಅಧ್ಯಾಯದಲ್ಲಿ ಅದೇ ಮನುಷ್ಯನಿಗೆ "ನಿನ್ನ ಚಪ್ಪಲಿ ತೋರಿಸು" ಅಂದರೆ ಏನೋ ಪತ್ತೆಯಾಗಿದೆ ಅಂತಲೇ ಲೆಕ್ಕ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ತೋರಿಸುತ್ತೀರಿ?

ಇನ್ನು ಊರೂರಿನ ಕನ್ನಡ. ಇದಕ್ಕೆ ಒಂದು ಪುಟ್ಟ ಕಥೆ ಕಟ್ಟಿದ್ದೇನೆ.

ರಾಜ್ಯೋತ್ಸವದ ದಿನ. ಊಟಕ್ಕೆ ಮೊದಲೇ ಹೋಳಿಗೆಯ ಡಬ್ಬಿ ಅರ್ಧ ಖಾಲಿ. ಡಬ್ಬಿಯೊಳಗೆ ಒಂದು ಚೀಟಿ: "ಹೋಳಿಗಿ ಭಾಳ ಚಲೋ ಐತೆ." ಅಡುಗೆಮನೆಗೆ ಹೋಗಿ ಬಂದವರು ನಾಲ್ಕೇ ಜನ. ಧಾರವಾಡದ ಶಿವಪ್ಪ ಅಂಕಲ್, ಮಂಡ್ಯದ ರತ್ನಾ ಆಂಟಿ, ಮಂಗಳೂರಿನ ವಸಂತ ಅಂಕಲ್, ಕಲಬುರಗಿಯ ಅಂಬಿಕಾ ಆಂಟಿ. ಚೀಟಿಯಲ್ಲಿ 'ಹೋಳಿಗಿ' ಇದೆ, 'ಚಲೋ' ಇದೆ, ಎಲ್ಲರ ಕಣ್ಣೂ ಶಿವಪ್ಪ ಅಂಕಲ್ ಮೇಲೆ. ಅವರು "ನಾ ಅಲ್ರಿ, ಖರೇನ ಹೇಳ್ತೀನಿ, ಮುಟ್ಟೇ ಇಲ್ರಿ" ಅನ್ನುತ್ತಿದ್ದಾರೆ. ಆರನೇ ಕ್ಲಾಸಿನ ಮೇಘಾ ಚೀಟಿಯನ್ನು ಎರಡು ಸಲ ಓದಿದಳು. "ಶಿವಪ್ಪ ಅಂಕಲ್ ಬರೆದಿಲ್ಲ. ಅವರು 'ಐತಿ' ಅಂತಾರೆ, 'ಐತೆ' ಅನ್ನಲ್ಲ. ಅಂಬಿಕಾ ಆಂಟಿ 'ಅದ' ಅಂತಾರೆ. ವಸಂತ ಅಂಕಲ್ 'ಉಂಟು' ಅಂತಾರೆ. ಧಾರವಾಡದವರ ಹಾಗೆ ಬರೀಬೇಕು ಅಂತ ಯಾರೋ ಕಷ್ಟಪಟ್ಟಿದ್ದಾರೆ, ಆದರೆ ಕೊನೇ ಪದದಲ್ಲಿ ಅವರ ಊರೇ ಹೊರಗೆ ಬಂದಿದೆ." ರತ್ನಾ ಆಂಟಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅಯ್ಯೋ, ನಾಕೇ ನಾಕು ತಿಂದಿದ್ದು ಕಣವ್ವ!"

ಇದನ್ನು ತರಗತಿಯಲ್ಲಿ ಓದಿದಾಗ ಒಂದು ತಮಾಷೆ ನಡೆಯಿತು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನ ಮಾತಿನ ಬಾಲ ಹಿಡಿಯತೊಡಗಿದರು. "ಅಪ್ಪ 'ಹೋಗ್ಯಾನ' ಅಂತಾರೆ, ಅಮ್ಮ 'ಹೋಗವ್ನೆ' ಅಂತಾರೆ, ಪುಸ್ತಕದಲ್ಲಿ 'ಹೋಗಿದ್ದಾನೆ' ಅಂತ ಇದೆ, ಯಾವುದು ಸರಿ?" ಮೂರೂ ಸರಿ ಮಗೂ. ಒಂದೊಂದೂ ಒಂದೊಂದು ಊರಿನ ವಿಳಾಸ.

ಪತ್ತೇದಾರಿ ಕಥೆಗೆ ನಿಯಮಗಳೂ ಇವೆ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ (ಅವರೂ ಪತ್ತೇದಾರಿ ಬರೆಯುತ್ತಿದ್ದರು!) ಹತ್ತು ಕಟ್ಟಳೆ ಬರೆದಿಟ್ಟರು. ಅದರಲ್ಲಿ ಎರಡು ನನಗೆ ಇಷ್ಟ. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಅಂದರೆ ಆಟ ನ್ಯಾಯವಾಗಿರಬೇಕು. ಓದುವವರು ಸುಮ್ಮನೆ ಕೂತಿರುವುದಿಲ್ಲ, ಪ್ರತಿ ವಾಕ್ಯವನ್ನೂ ತಿರುವಿ ನೋಡುತ್ತಾರೆ. ಪಠ್ಯಪುಸ್ತಕವನ್ನು ಯಾವ ಮಗು ಇಷ್ಟು ಅನುಮಾನದಿಂದ ಓದುತ್ತದೆ ಹೇಳಿ!

ಈಗ ಯಾವ ಪುಸ್ತಕ?

ದೊಡ್ಡ ತರಗತಿಯವರಿಗೆ ನನ್ನ ಮೊದಲ ಮತ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ'ಗೆ. 1980ರಲ್ಲಿ ಬಂದ ಪುಸ್ತಕ. ಮೂಡಿಗೆರೆಯ ಕಾಡು, ಒಬ್ಬ ವಿಜ್ಞಾನಿ, ಊರಿನವರು ದಡ್ಡ ಅಂದುಕೊಂಡಿರುವ ಮಂದಣ್ಣ, ಕಿವಿ ಅನ್ನುವ ಹೆಸರಿನ ನಾಯಿ, ಮತ್ತು ಎಲ್ಲರೂ ಹುಡುಕುತ್ತಿರುವ ಒಂದು ಹಾರುವ ಓತಿ. ಇಲ್ಲಿ ಕಳ್ಳ ಇಲ್ಲ, ಪ್ರಾಣಿಯೇ ರಹಸ್ಯ. ಓತಿ ಸಿಗುತ್ತದಾ? ನಾನು ಹೇಳಲ್ಲ. ಇದು ಮುಗಿಸಿದವರು 'ಜುಗಾರಿ ಕ್ರಾಸ್'ಗೆ ಹೋಗಬಹುದು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಸುಮಾರು ಒಂದು ದಿನದಲ್ಲಿ ಎಂಥ ಗೋಜಲಿಗೆ ಸಿಕ್ಕಿಕೊಳ್ಳುತ್ತಾರೆ ಅಂತ ಓದುತ್ತಾ ಊಟ ಮರೆಯುತ್ತೀರಿ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್‌ನ 'ಕಾಡಿನ ಕಥೆಗಳು', ಜಿಮ್ ಕಾರ್ಬೆಟ್‌ನ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಕಟ್ಟುಕಥೆಗಳಲ್ಲ, ಆದರೆ ಓದುವ ರುಚಿ ಪತ್ತೇದಾರಿಯದೇ. ಹೆಜ್ಜೆ ಗುರುತು, ಮುರಿದ ಕಡ್ಡಿ, ಎಲೆಯ ಮೇಲಿನ ರಕ್ತ. ರುದ್ರಪ್ರಯಾಗದ ಆ ಚಿರತೆ 125ಕ್ಕೂ ಹೆಚ್ಚು ಜನರನ್ನು ಕೊಂದಿತ್ತು, 1926ರಲ್ಲಿ ಕಾರ್ಬೆಟ್ ಅದನ್ನು ಹೊಡೆದ. ರಾತ್ರಿ ಒಬ್ಬರೇ ಓದಬೇಡಿ.

ಹೈಸ್ಕೂಲಿನವರಿಗೆ, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮನಿಗೆ, ಕೆ.ಎನ್. ಗಣೇಶಯ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಇತಿಹಾಸದ ಒಂದು ನಿಜವಾದ ಒಗಟು ಹಿಡಿದು ಅದರ ಸುತ್ತ ಥ್ರಿಲ್ಲರ್ ಹೆಣೆಯುತ್ತಾರೆ. 'ಕನಕ ಮುಸುಕು' ನೋಡಿ. ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಅಲ್ಲಿನ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ ಹೊರಟದ್ದು 1492ರಲ್ಲಿ. ಹಾಗಾದರೆ ಶಿಲ್ಪಿಗೆ ಆ ತೆನೆ ಸಿಕ್ಕಿದ್ದು ಹೇಗೆ? ಅದು ಜೋಳವೇ ಅಲ್ಲ ಅನ್ನುವವರೂ ಇದ್ದಾರೆ, ವಿದ್ವಾಂಸರ ವಾದ ಮುಗಿದಿಲ್ಲ. ಈಗ ಶೀರ್ಷಿಕೆ ಮತ್ತೊಮ್ಮೆ ಓದಿ: ಕನಕ ಅಂದರೆ ಚಿನ್ನ, ಮುಸುಕು ಅಂದರೆ ಮರೆಮಾಡುವ ಹೊದಿಕೆ. ಜೋಳದ ಬಣ್ಣ ಯಾವುದು, ಅದರ ಸಿಪ್ಪೆಗೆ ಏನಂತಾರೆ? ಅಲ್ಲೇ ಒಂದು ಸುಳಿವು! ಮುಂದಿನ ಸಲ ಊರಿಗೆ ಹೋದಾಗ ಸೋಮನಾಥಪುರಕ್ಕೆ ಹೋಗಿ ಆ ಕೈಗಳನ್ನು ಹುಡುಕಿ. ಮೈಸೂರಿನಿಂದ ದೂರವಿಲ್ಲ. "ಇನ್ನೊಂದು ದೇವಸ್ಥಾನಾನಾ?" ಅಂತ ರಾಗ ಎಳೆಯುವ ಮಕ್ಕಳು ಅವತ್ತು ತಾವೇ ಮುಂದೆ ಓಡುತ್ತಾರೆ.

ವೈಜ್ಞಾನಿಕ ಕಥೆ ಬೇಕು ಅನ್ನುವವರಿಗೆ ರಾಜಶೇಖರ ಭೂಸನೂರಮಠ ಇದ್ದಾರೆ. ಹೊಸಬರಲ್ಲಿ ಅನುಷ್ ಶೆಟ್ಟಿ ಅವರ 'ಹುಲಿ ಪತ್ರಿಕೆ', 'ಆಹುತಿ' ದೊಡ್ಡ ಮಕ್ಕಳಿಗೆ. ಚಿಕ್ಕವರಿಗೆ ಇವು ಯಾವುವೂ ಬೇಡ. ಅವರಿಗೆ ಸ್ಟೋರಿವೀವರ್ ಜಾಲತಾಣದಲ್ಲಿ ಹಂತ ಹಂತವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿವೆ. ಒಂದು ಪುಟಕ್ಕೆ ಎರಡೇ ಸಾಲು, ದೊಡ್ಡ ಚಿತ್ರ. ಊರಿನಿಂದ ಪುಸ್ತಕ ತರಿಸಲು ಸೂಟ್‌ಕೇಸಿನಲ್ಲಿ ಜಾಗವಿಲ್ಲ (ಹಪ್ಪಳ, ಚಟ್ನಿಪುಡಿಗೆ ಮೊದಲ ಹಕ್ಕು, ಒಪ್ಪುತ್ತೇನೆ) ಎನ್ನುವವರು ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ ಪಡೆಯಬಹುದು. ಆಡಿಯೋ ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸಿದರೆ ಒತ್ತಕ್ಷರ ತಾನಾಗಿ ಕೂರುತ್ತದೆ.

ಪೋಷಕರಿಗೆ ಒಂದು ಎಚ್ಚರಿಕೆ. ಹಳೆಯ ಪತ್ತೇದಾರಿ ಕಾದಂಬರಿಗಳೆಲ್ಲ ಚಿನ್ನವಲ್ಲ. ಕೆಲವದರಲ್ಲಿ ಹೆಣ್ಣುಮಕ್ಕಳಿಗೆ ಕಿರುಚುವುದು, ಮೂರ್ಛೆ ಹೋಗುವುದು ಬಿಟ್ಟರೆ ಕೆಲಸವೇ ಇಲ್ಲ. ಕೆಲವದರಲ್ಲಿ ಹಿಂಸೆ ಜಾಸ್ತಿ. ತೆಲುಗಿನಿಂದ ಬಂದ ಯಂಡಮೂರಿಯವರ 'ತುಳಸಿದಳ' ನಾವು ಹೆದರಿ ಹೆದರಿ ಓದಿದ್ದೇನೋ ನಿಜ, ಅದನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಡಬೇಡಿ. ಮೊದಲು ನೀವು ಓದಿ. ನಿಮಗೂ ಕನ್ನಡ ಪುಸ್ತಕ ಮುಟ್ಟಿ ಎಷ್ಟು ವರ್ಷವಾಯಿತು?

ಓದಿಸುವ ಕ್ರಮದಲ್ಲಿ ನಾನು ಕಂಡ ಹಾಗೆ ಕೆಲಸ ಮಾಡುವುದು ಇದು. ಮೊದಲ ಅಧ್ಯಾಯ ನೀವೇ ಗಟ್ಟಿಯಾಗಿ ಓದಿ, ಬಾಗಿಲು ಕಿರುಗುಟ್ಟಿತು ಅನ್ನುವಲ್ಲಿಗೆ ನಿಲ್ಲಿಸಿ, "ನಾಳೆ" ಅಂತ ಎದ್ದು ಹೋಗಿ ಪಾತ್ರೆ ತೊಳೆಯಿರಿ. ಪುಸ್ತಕವನ್ನು ಮಾತ್ರ ಮೇಜಿನ ಮೇಲೇ ಬಿಡಿ. ಮಗು ಓದುವಾಗ ಪ್ರತಿ ಪದಕ್ಕೂ ಅರ್ಥ ಕೇಳಿ ತಡೆಯಬೇಡಿ. ಹತ್ತರಲ್ಲಿ ಎರಡು ಪದ ಗೊತ್ತಿಲ್ಲದಿದ್ದರೂ ಕಳ್ಳ ಯಾರೆಂದು ತಿಳಿಯುತ್ತದೆ. ಮುಗಿಸಿದ ಮೇಲೆ "ಈ ಕಥೆಯ ನೀತಿ ಏನು?" ಅಂತ ದಯವಿಟ್ಟು ಕೇಳಬೇಡಿ. "ನಿನಗೆ ಯಾರ ಮೇಲೆ ಅನುಮಾನ ಇತ್ತು?" ಅಂತ ಕೇಳಿ. ಅಜ್ಜ ಅಜ್ಜಿ ಇರುವ ಮನೆಯವರು ವಾರಕ್ಕೊಂದು ಅಧ್ಯಾಯ ವಿಡಿಯೋ ಕಾಲ್‌ನಲ್ಲಿ ಅವರಿಂದ ಓದಿಸಿ. "ಊಟ ಆಯ್ತಾ? ಚಳಿ ಇದೆಯಾ?" ಆದ ಮೇಲೆ ಫೋನಿನಲ್ಲಿ ಮಾತಾಡಲು ಏನೂ ಉಳಿಯುವುದಿಲ್ಲ ಅಲ್ವಾ, ಅಲ್ಲಿಗೆ ಒಂದು ಕೊಲೆ ಇದ್ದರೆ ಮಾತು ಓಡುತ್ತದೆ.

ಕೊನೆಗೆ ಮಕ್ಕಳಿಗೊಂದು ಒಗಟು. ನಾಕ್ಸ್ ಪಾದ್ರಿಯ ನಿಯಮದಂತೆ ಸುಳಿವೆಲ್ಲ ಇಲ್ಲೇ ಇದೆ.

ಶನಿವಾರ ಸಂಜೆ ಶಾಲೆಯ ಬೀರುವಿನಿಂದ 'ಕರ್ವಾಲೋ' ಕಾಣೆಯಾಯಿತು. ತರಗತಿ ಮಧ್ಯಾಹ್ನವೇ ಮುಗಿದಿತ್ತು. ಮೂವರನ್ನು ಕೇಳಿದಾಗ ಬಂದ ಉತ್ತರ ಇದು.

ಅಜಯ್: "ನಾನು ಮಧ್ಯಾಹ್ನವೇ ಮನೆಗೆ ಹೋದೆ. ಸಂಜೆ ಬೀರುವಿಗೆ ಬೀಗ ಹಾಕಿರಲಿಲ್ಲವಂತೆ. ಯಾರೋ ಮರೆತಿರಬೇಕು."

ನಿಖಿಲ್: "ನಾನೂ ಮಧ್ಯಾಹ್ನವೇ ಹೋದೆ. ಸಂಜೆ ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಯಾರು ಬೇಕಾದರೂ ತಗೊಂಡಿರಬಹುದು."

ಕಾವ್ಯ: "ನಾನು ಎಲ್ಲರಿಗಿಂತ ಮೊದಲು ಹೊರಟೆ. ಸಂಜೆ ಯಾರೋ ಕಾರಿಡಾರಿನಲ್ಲಿ ಓಡಾಡುತ್ತಿದ್ದರಂತೆ, ಅಮ್ಮ ಹೇಳಿದರು."

ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು, ಯಾವ ಪದದಿಂದ ಗೊತ್ತಾಯಿತು ಅಂತ ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ, ಚೀಟಿ ಬರೆದು ಮುಂದಿನ ಶನಿವಾರ ನನಗೆ ಕೊಡಿ. ಅಪ್ಪ ಅಮ್ಮ ಹೇಳಿಕೊಡುವಂತಿಲ್ಲ. ಹೇಳಿಕೊಟ್ಟರೆ ಚೀಟಿಯ 'ಐತೆ', 'ಐತಿ' ನೋಡಿ ಕಂಡುಹಿಡಿಯುತ್ತೇನೆ.